ಹಿಮದ ದಿನ ಬಾಗಿಲಿಗೆ ಬಂದ ಬಿಸಿ ಊಟ

ಕಳೆದ ಶನಿವಾರ ಸಂಜೆ ನಮ್ಮ ಊರಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಚಿತ್ರ ಬಂತು. ಮನೆಯ ಮೆಟ್ಟಿಲು ಮುಚ್ಚಿಹೋಗುವಷ್ಟು ಹಿಮ, ಅದರ ಮೇಲೆ ಕಂದು ಕಾಗದದ ಚೀಲ, ಚೀಲದ ಬಾಯಿಂದ ಏಳುತ್ತಿರುವ ಹಬೆ. ಕೆಳಗೊಂದು ಸಾಲು: ‘ಇಂಥ ಬಿರುಗಾಳಿಯಲ್ಲೂ 50 ನಿಮಿಷದಲ್ಲಿ ಬಿರಿಯಾನಿ ಬಿಸಿಬಿಸಿಯಾಗಿ ಬಂತು!’ ಅದಕ್ಕೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಮೆಚ್ಚುಗೆ ಒತ್ತಿದ್ದರು.

ನಾನು ಅದನ್ನು ನೋಡಿದ್ದು ರಾತ್ರಿ ಒಂಬತ್ತಕ್ಕೆ, ಆಸ್ಪತ್ರೆಯ ಊಟದ ಕೋಣೆಯಲ್ಲಿ. ಆಗ ಉತ್ತರ ಬರೆಯಲಿಲ್ಲ. ಗುಂಪಿನಲ್ಲಿ ಬರೆದರೆ ಒಬ್ಬರನ್ನೇ ನಿಲ್ಲಿಸಿ ಕೇಳಿದಂತಾಗುತ್ತದೆ. ಚಿತ್ರ ಹಾಕಿದವರು ಒಳ್ಳೆಯವರು. ನನ್ನ ಬಾಣಂತನದಲ್ಲಿ ಹದಿನೈದು ದಿನ ಮೆಣಸಿನ ಸಾರು ಮಾಡಿ ತಂದುಕೊಟ್ಟವರು. ಅವರಿಗೆ ಫೋನ್ ಮಾಡಿ ಹೇಳಿಯೇ ಈಗ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ: ನಾನಿರುವುದು ಅಮೆರಿಕದ ಮಿನೆಸೋಟ ರಾಜ್ಯದ ಪ್ಲಿಮತ್‌ನಲ್ಲಿ, ಕೆಲಸ ಮಿನಿಯಾಪೊಲಿಸ್‌ನ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ. ರೋಗಿಗೆ ರಕ್ತ ಕೊಡುವ ಮೊದಲು ಅದು ಹೊಂದುತ್ತದೆಯೇ ಎಂದು ನೋಡಿ ಕಳುಹಿಸುವವರಲ್ಲಿ ನಾನೂ ಒಬ್ಬಳು. ಈ ಕೆಲಸವನ್ನು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಮಾಡಲಾಗುವುದಿಲ್ಲ. ಹಾಗಾಗಿ ಹಿಮ ಬೀಳಲಿ, ಬಿಡಲಿ, ಪಾಳಿಯ ದಿನ ನಾನು ಹೋಗಲೇಬೇಕು. ಮನೆಯಿಂದ ಆಸ್ಪತ್ರೆಗೆ 12 ಮೈಲಿ. ಬೇರೆ ದಿನ ಅರ್ಧ ಗಂಟೆ ಬೇಡ.

ಮಾರ್ಚ್ ಬಂದರೆ ಚಳಿಗಾಲ ಮುಗಿಯಿತು ಎಂದುಕೊಳ್ಳುವುದು ಇಲ್ಲಿಗೆ ಹೊಸದಾಗಿ ಬಂದವರೆಲ್ಲ ಮಾಡುವ ತಪ್ಪು. ಶಾಲಾ ಮಕ್ಕಳ ರಾಜ್ಯಮಟ್ಟದ ಬಾಸ್ಕೆಟ್‌ಬಾಲ್ ಪಂದ್ಯಗಳು ನಡೆಯುವುದು ಮಾರ್ಚ್‌ನಲ್ಲಿ. ಆ ಪಂದ್ಯದ ವಾರ ದೊಡ್ಡ ಹಿಮ ಬಿದ್ದೇ ಬೀಳುತ್ತದೆ ಎಂದು ಇಲ್ಲಿನ ಹಿರಿಯರು ಹೇಳುತ್ತಾರೆ. ಏಪ್ರಿಲ್ ಕೂಡ ನಂಬುವಂಥದ್ದಲ್ಲ. 2018ರ ಏಪ್ರಿಲ್ 13ರಿಂದ 16ರವರೆಗೆ ಮಿನಿಯಾಪೊಲಿಸ್, ಸೇಂಟ್ ಪಾಲ್ ಎಂಬ ಈ ಅವಳಿ ನಗರಗಳ ವಿಮಾನ ನಿಲ್ದಾಣದಲ್ಲಿ 15.8 ಇಂಚು ಹಿಮ ಬಿತ್ತು. ಏಪ್ರಿಲ್ ತಿಂಗಳಲ್ಲಿ ಬಂದವುಗಳಲ್ಲಿ ಇಲ್ಲಿ ಅಷ್ಟು ದೊಡ್ಡದು ಅದಕ್ಕೂ ಮೊದಲು ದಾಖಲಾಗಿರಲಿಲ್ಲ. ಯುಗಾದಿ ಕಳೆದು ತಿಂಗಳಾಗುತ್ತ ಬಂದಿತ್ತು.

ಈ ಹೊತ್ತಿನ ಹಿಮದ ಗುಣವೇ ಬೇರೆ. ಜನವರಿಯ ಕಡುಚಳಿಯಲ್ಲಿ ಬೀಳುವುದು ಒಣ ಅಕ್ಕಿಹಿಟ್ಟಿನಂತಿರುತ್ತದೆ, ಪೊರಕೆಯಲ್ಲಿ ಗುಡಿಸಿದರೂ ಹೋಗುತ್ತದೆ. ಮಾರ್ಚ್‌ನಲ್ಲಿ ತಾಪಮಾನ ಸೊನ್ನೆಯ ಆಸುಪಾಸಿನಲ್ಲಿರುತ್ತದೆ, ದಕ್ಷಿಣದ ಮೆಕ್ಸಿಕೊ ಕೊಲ್ಲಿಯ ತೇವ ಗಾಳಿಯಲ್ಲಿ ಇಲ್ಲಿಯವರೆಗೆ ಏರಿ ಬಂದಿರುತ್ತದೆ. ಆಗ ಬೀಳುವುದು ಕಡುಬಿನ ಹಿಟ್ಟಿನಂತೆ ನೀರು ತುಂಬಿದ, ಭಾರದ ಹಿಮ. ಬಿಸಿಲು ಕಂಡಿದ್ದ ರಸ್ತೆಯ ಮೇಲೆ ಮೊದಲು ಬಿದ್ದದ್ದು ಕರಗುತ್ತದೆ, ಹೊತ್ತು ಇಳಿಯುತ್ತಿದ್ದಂತೆ ಹೆಪ್ಪುಗಟ್ಟುತ್ತದೆ, ಅದರ ಮೇಲೆ ಹೊಸ ಹಿಮ ಹಾಸಿಕೊಳ್ಳುತ್ತದೆ. ಮೇಲೆ ಹತ್ತಿ, ಕೆಳಗೆ ಗಾಜು. ಸೇತುವೆಗಳ ಮೇಲೆ ಇದು ಇನ್ನೂ ಬೇಗ ಆಗುತ್ತದೆ, ಏಕೆಂದರೆ ಅಲ್ಲಿ ತಣ್ಣನೆಯ ಗಾಳಿ ಕೆಳಗಿನಿಂದಲೂ ಹೊಡೆಯುತ್ತದೆ.

ಈ ಭಾರದ ಹಿಮವನ್ನು ಸಲಿಕೆಯಲ್ಲಿ ಎತ್ತುವವರ ಬಗ್ಗೆ ಇಲ್ಲೇ ಒಂದು ಮಾತು. ಹಿಮ ಬಿದ್ದ ಮರುದಿನ ತುರ್ತು ಚಿಕಿತ್ಸೆಯ ಕಡೆಯಿಂದ ನಮಗೆ ಬರುವ ರಕ್ತದ ಕೊಳವೆಗಳಲ್ಲಿ ಟ್ರೋಪೊನಿನ್ ನೋಡಿ ಎಂಬ ಕೋರಿಕೆ ಇದ್ದರೆ ನನ್ನ ಹೊಟ್ಟೆ ಹಿಂಡುತ್ತದೆ. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ವಸ್ತು ಅದು. ಐವತ್ತು ದಾಟಿದವರೇ, ಊರಿನಿಂದ ಮಕ್ಕಳ ಮನೆಗೆ ಬಂದಿರುವ ಅಪ್ಪಂದಿರೇ, ‘ಕೂತು ಕೂತು ಬೇಸರ, ನಾನೇ ಸ್ವಲ್ಪ ಎತ್ತುತ್ತೇನೆ’ ಎಂದು ಹೊರಡಬೇಡಿ. ದಯವಿಟ್ಟು ಬೇಡ.

ಶನಿವಾರ ನನ್ನ ಪಾಳಿ ಮಧ್ಯಾಹ್ನ ಮೂರಕ್ಕೆ. ಹತ್ತು ಗಂಟೆಗೆ ಶುರುವಾದ ಹಿಮ ಒಂದರ ಹೊತ್ತಿಗೆ ಎದುರು ಮನೆಯನ್ನು ಅಳಿಸಿಹಾಕಿತ್ತು. ಮಾರ್ಗಗಳ ಸ್ಥಿತಿ ತಿಳಿಸುವ ಸರ್ಕಾರದ 511 ಪುಟದಲ್ಲಿ ನಮ್ಮ ಕಡೆಯ ರಸ್ತೆಗಳೆಲ್ಲ ‘ಹಿಮದಿಂದ ಪೂರ್ತಿ ಮುಚ್ಚಿವೆ’ ಎಂದಿತ್ತು. ಪಶ್ಚಿಮದ ಜಿಲ್ಲೆಗಳಲ್ಲಿ ‘ಪ್ರಯಾಣ ಬೇಡ’. ನನ್ನವರು ಡ್ರೈವ್‌ವೇಯ ತುದಿಯಲ್ಲಿ ರಸ್ತೆಯ ಹಿಮ ಬಳಿಯುವ ಪ್ಲೋ ಲಾರಿ ಬಿಟ್ಟುಹೋಗಿದ್ದ ಗಟ್ಟಿ ದಿಣ್ಣೆಯನ್ನು ಒಡೆದು ದಾರಿ ಮಾಡಿಕೊಟ್ಟರು. ಕಾರಿನ ತಲೆಯ ಮೇಲಿನ ಹಿಮ, ದೀಪ, ಗಾಜು ಎಲ್ಲವನ್ನೂ ಬಳಿದು, ದೀಪಗಳನ್ನು ಕೈಯಾರೆ ಹಾಕಿ ಹೊರಟೆ. ಹಗಲು ತಾನಾಗಿಯೇ ಉರಿಯುವ ದೀಪಗಳನ್ನು ನಂಬಿದರೆ ಎಷ್ಟೋ ಕಾರುಗಳಲ್ಲಿ ಹಿಂದಿನ ಕೆಂಪು ದೀಪ ಹತ್ತುವುದೇ ಇಲ್ಲ. ಹಿಮ ಬೀಳುವಾಗ ದೀಪ ಹಾಕಿರಬೇಕೆಂಬುದು ಇಲ್ಲಿನ ಕಾನೂನೇ ಆಗಿದೆ, ಆದರೂ ಅಂದು ಬೆನ್ನು ಕತ್ತಲಾಗಿದ್ದ ಆರು ಕಾರುಗಳನ್ನು ಎಣಿಸಿದೆ.

ನನ್ನ ಅಪ್ಪ ಆಗುಂಬೆ ಘಾಟಿಯಲ್ಲಿ ಮಿನಿ ಬಸ್ ಓಡಿಸಿದವರು. ಹದಿನಾಲ್ಕು ತಿರುವು, ಆಷಾಢದ ಮಳೆ, ಬಾನೆಟ್ಟಿನ ತುದಿಯೂ ಕಾಣದ ಮಂಜು. ‘ಬೆಳಕು ಬಿದ್ದಷ್ಟೇ ದೂರ ನಿನ್ನ ರಸ್ತೆ, ಅದರಾಚೆ ರಸ್ತೆಯಿದೆ ಎಂದುಕೊಳ್ಳಬೇಡ’ ಎಂದು ಹೇಳಿಕೊಟ್ಟಿದ್ದರು. ಅಪ್ಪ ಜೀವನದಲ್ಲಿ ಒಮ್ಮೆಯೂ ಹಿಮ ಕಂಡವರಲ್ಲ. ಆದರೂ 55ನೇ ಹೆದ್ದಾರಿಯಲ್ಲಿ ನಾನು ಗಂಟೆಗೆ 15 ಮೈಲಿಯಲ್ಲಿ ಹೋಗುತ್ತಿದ್ದುದು ಅವರ ಮಾತಿನ ಮೇಲೆಯೇ. ಮುಂದೆ ಒಂದು ಪ್ಲೋ ಲಾರಿ, ಅದು ಎಬ್ಬಿಸುವ ಬಿಳಿ ಮೋಡದಿಂದ ಬಹಳ ಹಿಂದೆ ನಾನು. ನನ್ನನ್ನು ದಾಟಿ ಆ ಮೋಡದೊಳಕ್ಕೆ ನುಗ್ಗಿದವರಿದ್ದರು, ಹೆಚ್ಚಿನವು ದೊಡ್ಡ ಎಸ್‌ಯುವಿಗಳು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಹಿಮದಲ್ಲಿ ಚೆನ್ನಾಗಿ ಹೊರಡುತ್ತದೆ ನಿಜ. ನಿಲ್ಲುವಾಗ ಮಾತ್ರ ಅದಕ್ಕೂ ನನ್ನ ಹಳೆಯ ಕಾರಿಗೂ ವ್ಯತ್ಯಾಸವಿಲ್ಲ. ಬ್ರೇಕು ಎಲ್ಲರಿಗೂ ನಾಲ್ಕು ಚಕ್ರಕ್ಕೇ.

ಗೋಲ್ಡನ್ ವ್ಯಾಲಿ ಹತ್ತಿರದ ಒಂದು ಸಿಗ್ನಲ್ಲಿನಲ್ಲಿ ನನ್ನ ಮುಂದಿದ್ದ ಪುಟ್ಟ ಕಾರು ಕೆಂಪು ದೀಪ ಕಂಡು ಬ್ರೇಕು ಹಾಕಿತು. ನಿಲ್ಲಲಿಲ್ಲ. ನಿಧಾನಕ್ಕೆ, ಯಾರೋ ಬೆರಳಲ್ಲಿ ತಿರುಗಿಸಿದಂತೆ ಅಡ್ಡಕ್ಕೆ ತಿರುಗಿ, ಬಲಬದಿಯ ಚರಂಡಿಗೆ ಹಿಂಬದಿಯಿಂದ ಇಳಿದುಹೋಯಿತು. ನಾನು ಬ್ರೇಕು ತುಳಿದೆ. ಪೆಡಲ್ಲು ಕಾಲಡಿಯಲ್ಲಿ ಗಡಗಡ ನಡುಗಿತು. ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಕೆಲಸ ಮಾಡುವಾಗ ಆಗುವುದೇ ಹಾಗೆ, ಹೆದರಿ ಕಾಲು ತೆಗೆಯಬಾರದು. ಗೊತ್ತಿದ್ದರೂ ಕಾಲು ಮೇಲೇಳಲು ನೋಡುತ್ತದೆ. ಆ ಕಾರು ಇದ್ದ ಜಾಗಕ್ಕೆ ಬಂದು ನನ್ನ ಕಾರು ನಿಂತಿತು. ಅದು ಚರಂಡಿಗೆ ಜಾರದೆ ಅಲ್ಲೇ ನಿಂತಿದ್ದರೆ ನಾನು ಅದಕ್ಕೆ ಗುದ್ದುತ್ತಿದ್ದೆ.

ಮೂಲೆಯ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ನಡೆದು ಹೋದೆ. ಚಾಲಕ ಇನ್ನೂ ಇಪ್ಪತ್ತು ದಾಟಿರದ ಹುಡುಗ. ಪೆಟ್ಟೇನೂ ಆಗಿರಲಿಲ್ಲ. ಇಳಿದವನೇ ಆಚೆ ಬದಿಯ ಬಾಗಿಲು ತೆಗೆದು, ಸೀಟಿನ ಮೇಲಿದ್ದ ಕಂದು ಚೀಲ ನೆಟ್ಟಗಿದೆಯೇ ಎಂದು ನೋಡಿದ. ಒಳಗಿನ ಸೂಪು ಚೆಲ್ಲಿತ್ತು. ತನ್ನ ಟೊಪ್ಪಿಯಿಂದ ಸೀಟನ್ನು ಒರೆಸತೊಡಗಿದ. ಕಾಲಲ್ಲಿ ಬಟ್ಟೆಯ ಬೂಟು. ಟೈರುಗಳ ಮೇಲೆ ಕೈಯಾಡಿಸಿದರೆ ಕಚ್ಚೇ ಇರಲಿಲ್ಲ, ಹಲಗೆ ಸವರಿದಂತಿತ್ತು. ಅವನ ಮೊಬೈಲು ಬೆಳಗಿ ಬೆಳಗಿ ಆರುತ್ತಿತ್ತು. ಎಲ್ಲಿದ್ದೀಯ ಎಂದು ಯಾರೋ ಕೇಳುತ್ತಿದ್ದರು.

ಅವನನ್ನು ಬಂಕಿನ ಅಂಗಡಿಯೊಳಗೆ ಕರೆತಂದೆ. ಗಲ್ಲೆಯಲ್ಲಿದ್ದ ಹೆಂಗಸು ಏನನ್ನೂ ಕೇಳದೆ ಕಾಫಿ ಕೊಟ್ಟಳು. ಪೊಲೀಸರಿಗೆ ಫೋನ್ ಮಾಡಿದೆವು. ಎಳೆಯುವ ಗಾಡಿ ಬರಲು ಮೂರು ಗಂಟೆಯಾದರೂ ಬೇಕೆಂದರು. ನನ್ನ ಡಿಕ್ಕಿಯಲ್ಲಿದ್ದ ಕಂಬಳಿ ಕೊಟ್ಟು ಹೊರಟೆ. ಆಸ್ಪತ್ರೆ ತಲುಪಿದಾಗ ಮೂರೂವರೆ. ಬೆಳಗಿನ ಪಾಳಿಯವಳು ಕೋಟು ಬಿಚ್ಚದೆ, ಕುರ್ಚಿ ಬಿಡದೆ ಕಾಯುತ್ತಿದ್ದಳು. ಅವಳೂ ಆ ರಾತ್ರಿ ಮನೆಗೆ ಹೋಗಲಾಗದೆ ಅಲ್ಲೇ ಉಳಿದಳು.

ಆ ಸೂಪು ಯಾರ ಮನೆಗೆ ಹೊರಟಿತ್ತೋ ನನಗೆ ಗೊತ್ತಿಲ್ಲ. ನಮ್ಮ ಗುಂಪಿನವರದ್ದೇ ಎಂದು ಹೇಳುತ್ತಿಲ್ಲ. ಆದರೆ ರಾತ್ರಿ ಆ ಬಿರಿಯಾನಿಯ ಚಿತ್ರ ಕಂಡಾಗ ನನಗೆ ಹಬೆ ಕಾಣಲಿಲ್ಲ, ಆ ಟೈರುಗಳು ಕಂಡವು.

ನನ್ನ ಅಭಿಪ್ರಾಯ ಇಷ್ಟು: ಬಿರುಗಾಳಿಯ ದಿನ ಮನೆಯಲ್ಲಿ ಉಳಿಯಬಲ್ಲವರು ಮನೆಯಲ್ಲೇ ಉಳಿಯಬೇಕು, ಮತ್ತು ತಮ್ಮ ಬದಲಿಗೆ ಇನ್ನೊಬ್ಬನನ್ನು ರಸ್ತೆಗೆ ಇಳಿಸಬಾರದು. ಎರಡನೆಯ ಅರ್ಧವನ್ನು ನಾವು ಮರೆಯುತ್ತಿದ್ದೇವೆ. ‘ನಾವು ಎಲ್ಲಿಗೂ ಹೋಗಲಿಲ್ಲ, ಜಾಗ್ರತೆಯಾಗಿದ್ದೆವು’ ಎಂದು ಹೇಳಿಕೊಳ್ಳುತ್ತೇವೆ. ಹೋದವನು ಬೇರೆಯವನು, ಅಷ್ಟೇ.

ರಸ್ತೆಯ ಲೆಕ್ಕವನ್ನೂ ನೋಡಿ. ಈ ರಾಜ್ಯದ ಹೆದ್ದಾರಿ ಇಲಾಖೆಯ ಬಳಿ 800ಕ್ಕೂ ಹೆಚ್ಚು ಪ್ಲೋ ಲಾರಿಗಳಿವೆ, ಅವು ಬಳಿಯಬೇಕಾದ ಪಥಗಳ ಒಟ್ಟು ಉದ್ದ ಸುಮಾರು 30,000 ಮೈಲಿ. ಒಮ್ಮೆ ಬಳಿದು ಮುಗಿಸುವಷ್ಟರಲ್ಲಿ ಮೊದಲಿನ ಜಾಗ ಮತ್ತೆ ತುಂಬಿರುತ್ತದೆ. ಹೊಸ ಹಿಮದ ಮೇಲೆ ಹಾಯುವ ಒಂದೊಂದು ಕಾರೂ ಅದನ್ನು ಒತ್ತಿ ರಸ್ತೆಗೆ ಅಂಟಿಸುತ್ತದೆ. ಹಾಗೆ ಅಂಟಿದ್ದನ್ನು ಪ್ಲೋ ಅಲಗು ಕೀಳಲಾರದು, ಉಪ್ಪು ಸುರಿಯಬೇಕು. ಆ ಉಪ್ಪೂ ತಾಪಮಾನ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗಿಳಿದರೆ ಹೆಚ್ಚು ಕೆಲಸ ಮಾಡದು. ಕರಗಿದ ಮೇಲೆ ಹರಿದು ಸೇರುವುದು ನಮ್ಮ ಕೆರೆಗಳಿಗೆ. ಒಂದು ಟೀ ಚಮಚ ಉಪ್ಪು ಸುಮಾರು 19 ಲೀಟರ್ ನೀರನ್ನು ಶಾಶ್ವತವಾಗಿ ಕೆಡಿಸುತ್ತದೆ ಎಂದು ಇಲ್ಲಿನ ಮಾಲಿನ್ಯ ನಿಯಂತ್ರಣ ಸಂಸ್ಥೆ ಹೇಳುತ್ತಲೇ ಇದೆ. ಪ್ಲೋ ಲಾರಿಗಳಿಗೆ ಹೆಸರಿಡುವ ಸ್ಪರ್ಧೆಯನ್ನು ಇಲಾಖೆ ಪ್ರತಿ ಚಳಿಗಾಲ ನಡೆಸುತ್ತದೆ, 2022ರಲ್ಲಿ ಗೆದ್ದ ‘ಬೆಟ್ಟಿ ವೈಟ್‌ಔಟ್’ ಹೆಸರನ್ನು ನನ್ನ ಮಗಳು ಇವತ್ತಿಗೂ ಹೇಳುತ್ತಾಳೆ. ಅಷ್ಟು ಪ್ರೀತಿ ಇಟ್ಟುಕೊಂಡವರು ಆ ಲಾರಿಯ ದಾರಿ ಬಿಡಬೇಕಲ್ಲವೇ?

‘ನಾವು ಆರ್ಡರ್ ಮಾಡದಿದ್ದರೆ ಆ ಹುಡುಗನ ಸಂಪಾದನೆ ಹೋಗುವುದಿಲ್ಲವೇ’ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅಪ್ಪನ ಬಸ್ಸು ಓಡದ ದಿನ ನಮ್ಮ ಮನೆಗೂ ಬಾಟಾ ಬರುತ್ತಿರಲಿಲ್ಲ. ಆ ಹುಡುಗನಿಗೆ ಶನಿವಾರದ ದುಡಿಮೆ ಬೇಕಿತ್ತು, ಹಿಮದ ದಿನ ಊಟ ತಲುಪಿಸುವ ಆ್ಯಪ್ ಒಂದೆರಡು ಡಾಲರ್ ಹೆಚ್ಚು ಕೊಡುತ್ತದೆಂದೇ ಹೊರಟಿದ್ದ. ಆದರೆ ಅವನ ಕಾರು ಚರಂಡಿಯಿಂದ ಮೇಲೆ ಬರಲು ಕೊಟ್ಟ ಹಣ ಅವನ ಎಷ್ಟು ದಿನದ ದುಡಿಮೆ ಎಂದು ಯೋಚಿಸಿ. ನಿಜವಾಗಿ ಅವನ ಬಗ್ಗೆ ಕಾಳಜಿಯಿದ್ದರೆ ರಸ್ತೆ ಒಣಗಿದ ಮಂಗಳವಾರ ಆರ್ಡರ್ ಮಾಡಿ, ಕೈ ಬಿಚ್ಚಿ ಟಿಪ್ಸ್ ಕೊಡಿ. ‘ಪ್ರಯಾಣ ಬೇಡ’ ಎಂದು ಇಲಾಖೆ ಹೇಳಿದ ಕ್ಷಣದಿಂದ ಈ ಕಂಪನಿಗಳು ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸಬೇಕು, ಆ ಹೊತ್ತಿನ ಕೂಲಿಯ ಒಂದು ಪಾಲನ್ನಾದರೂ ಅವರೇ ಕೊಡಬೇಕು ಎಂಬುದು ನನ್ನ ಬೇಡಿಕೆ. ಅದನ್ನು ಬರೆದು ನಮ್ಮ ಶಾಸಕರಿಗೆ ಕಳುಹಿಸಿದ್ದೇನೆ.

ಕಚೇರಿಗಳ ಬಗ್ಗೆಯೂ ಇದೇ ಮಾತು. 2022ರ ಕ್ರಿಸ್‌ಮಸ್ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ಬಫಲೋ ಸುತ್ತಮುತ್ತ ಬಂದ ಬಿರುಗಾಳಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು, ಕೆಲವರು ಹಿಮದಲ್ಲಿ ಸಿಕ್ಕಿಕೊಂಡ ತಮ್ಮ ಕಾರಿನಲ್ಲೇ. ಅಲ್ಲಿ ವಾಹನ ಸಂಚಾರ ನಿಷೇಧ ಜಾರಿಗೆ ಬಂದದ್ದು ಶುಕ್ರವಾರ ಬೆಳಿಗ್ಗೆ 9.30ಕ್ಕೆ. ಆ ಹೊತ್ತಿಗೆ ಬೆಳಗಿನ ಪಾಳಿಯವರು ಕೆಲಸಕ್ಕೆ ಹೋಗಿಯಾಗಿತ್ತು. ‘ಹುಷಾರಾಗಿ ಬನ್ನಿ’ ಎಂದು ಸಂದೇಶ ಕಳುಹಿಸುವ ಮೇಲಧಿಕಾರಿಗಳೇ, ಹುಷಾರಾಗಿರುವುದು ಚಾಲಕನ ಕೈಯಲ್ಲಿದೆ, ಬರಬೇಡಿ ಎನ್ನುವುದು ನಿಮ್ಮ ಕೈಯಲ್ಲಿದೆ. ಹಿಂದಿನ ರಾತ್ರಿಯೇ ಹೇಳಿ.

ಮಲೆನಾಡಿನಲ್ಲಿ ಬೆಳೆದ ನಮಗೆ ಇದು ಹೊಸದೇನಲ್ಲ. ಜುಲೈಯಲ್ಲಿ ಮಳೆ ಕಟ್ಟಿ ಸುರಿದರೆ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಡುತ್ತಾರೆ. ಅದಕ್ಕೂ ಮೊದಲೇ, ಮೇ ತಿಂಗಳಿನಲ್ಲೇ, ಅಮ್ಮ ಅಟ್ಟಕ್ಕೆ ಹಲಸಿನ ಹಪ್ಪಳ, ಸಂಡಿಗೆ, ಹುರುಳಿ, ಒಣ ಮೆಣಸು, ಒಣ ಸೌದೆ ಏರಿಸಿರುತ್ತಿದ್ದರು. ಹೊಳೆ ಏರಿದ ದಿನ ಪೇಟೆಗೆ ಹೋಗಿ ಏನನ್ನಾದರೂ ತಾ ಎಂದು ಆಳಿಗೆ ಹೇಳುವವರನ್ನು ನಾನು ನೋಡಿಲ್ಲ. ಇಲ್ಲಿ ನಮ್ಮೆಲ್ಲರ ಮನೆಯಲ್ಲಿ 20 ಪೌಂಡಿನ ಅಕ್ಕಿಯ ಚೀಲವಿದೆ, ತೊಗರಿಬೇಳೆಯಿದೆ, ಊರಿನಿಂದ ತಂದ ಸಾರಿನ ಪುಡಿಯಿದೆ. ಮುನ್ಸೂಚನೆ ಮೂರು ದಿನ ಮೊದಲೇ ಬರುತ್ತದೆ. ಹಾಲು, ಮಾತ್ರೆ, ಮಗುವಿನ ಡಯಾಪರ್ ಬುಧವಾರವೇ ತಂದಿಟ್ಟುಕೊಳ್ಳಬಹುದು. ಹಿಮ ಬೀಳುವ ಸಂಜೆ ಒಂದು ತಿಳಿಸಾರು, ಸುಟ್ಟ ಹಪ್ಪಳ ಸಾಲದೇ?

ನನ್ನಂತೆ ಹೋಗಲೇಬೇಕಾದವರು ಡಿಕ್ಕಿಯಲ್ಲಿ ಕಂಬಳಿ, ಸಲಿಕೆ, ಒಂದು ಚೀಲ ಮರಳು, ನೀರು ಇಟ್ಟುಕೊಳ್ಳಿ. ಟ್ಯಾಂಕು ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ. ಎಲ್ಲೋ ಸಿಕ್ಕಿಕೊಂಡರೆ ಎಂಜಿನ್ ಹಾಕುವ ಮೊದಲು ಹಿಂದಿನ ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯಿರಿ. ಮುಚ್ಚಿದ್ದರೆ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಕಾರಿನೊಳಗೆ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ.

ಚಿತ್ರ ಹಾಕಿದ್ದ ಅಕ್ಕನಿಗೆ ಫೋನಿನಲ್ಲಿ ಈ ಕಥೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಅವನ ಕಾಲಲ್ಲಿ ಏನಿತ್ತು ಅಂದೆ?’ ಎಂದು ಕೇಳಿದರು.

ಗುರುವಾರ ಮತ್ತೆ ಆರು ಇಂಚು ಎಂದು ಮುನ್ಸೂಚನೆಯಿದೆ. ನನ್ನ ಪಾಳಿ ಅಂದೂ ಮೂರಕ್ಕೇ. ಡಿಕ್ಕಿಗೆ ಹೊಸ ಕಂಬಳಿ ಹಾಕಿದ್ದೇನೆ, ಹನ್ನೆರಡೂವರೆಗೇ ಹೊರಡುತ್ತೇನೆ.