ಮೇನ್ ವಾಲ್ವ್ ಕಾಣೆಯಾಗಿದೆ

ಹಿತ್ತಾಳೆ ಮೈಬಣ್ಣ, ಗೇಣುದ್ದದ ಆಳು, ತಲೆಯ ಮೇಲೆ ದುಂಡನೆಯ ಕೆಂಪು ಚಕ್ರ. ಮಾತು ಕಡಿಮೆ. ಕೊನೆಯ ಬಾರಿ ಕಂಡದ್ದು ಟೈಲ್ಸ್ ಕೂರಿಸುವ ಹಿಂದಿನ ದಿನ. ಸುಳಿವು ಕೊಟ್ಟವರಿಗೆ ಬಹುಮಾನವುಂಟು. ಸದ್ಯಕ್ಕೆ ನಮ್ಮ ಮನೆಯಲ್ಲಿ ಒಣಗಿರುವ ವಸ್ತು ಒಂದು ಟವೆಲ್ ಮಾತ್ರ, ಅದನ್ನೇ ಕೊಡಬೇಕಾದೀತು.

ಬೆಳಗಿನ ಜಾವ ಸಿಂಕಿನ ಕೆಳಗಿನ ಕನೆಕ್ಷನ್ ಪೈಪು ಕನೆಕ್ಷನ್ ಕಡಿದುಕೊಂಡಾಗ ಈ ಪ್ರಕಟಣೆ ಬರೆಯುವ ಯೋಗ ಒದಗಿತು. ಅಡುಗೆಮನೆಯ ಬಾಗಿಲು ತೆಗೆದರೆ ನೀರೇ ಬಂದು ಕಾಲು ತೊಳೆಯಿತು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪ್ಲಂಬರಿಗೆ ಫೋನ್ ಮಾಡಿದೆ.

"ಸಾರ್, ಮೊದ್ಲು ಮೇನ್ ವಾಲ್ವ್ ಬಂದ್ ಮಾಡಿ. ಆಮೇಲೆ ಮಾತಾಡೋಣ."

"ಎಲ್ಲಿರುತ್ತಪ್ಪಾ ಅದು?"

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅನುಮಾನದ ದನಿ: "ಮನೆ ನಿಮ್ದೇ ತಾನೇ ಸಾರ್?"

ನಮ್ಮದೇ. ಹನ್ನೊಂದು ವರ್ಷದಿಂದ ನಮ್ಮದೇ. ಸಾಲದ ಕಂತು ಕಟ್ಟುವ ತಾರೀಕು, ವೈಫೈ ಪಾಸ್‌ವರ್ಡ್, ಮಲಗುವ ಕೋಣೆಯ ಬಾಗಿಲು ಕಿರುಗುಟ್ಟುವ ರಾಗ, ಎಲ್ಲ ಬಾಯಿಪಾಠ. ಇಡೀ ಮನೆಯ ನೀರನ್ನು ನಿಲ್ಲಿಸುವ ಚಕ್ರ ಎಲ್ಲಿದೆ ಎಂಬುದು ಮಾತ್ರ ಸಿಲಬಸ್ಸಿನಲ್ಲಿರಲಿಲ್ಲ.

ದಡ್ಡತನ ನನ್ನೊಬ್ಬನದೇ ಇರಬಹುದೆಂದು ಆಮೇಲೆ ಸ್ವಂತ ಮನೆಯಿರುವ ಮೂವರನ್ನು ವಿಚಾರಿಸಿದೆ. ಒಬ್ಬರು ಆತ್ಮವಿಶ್ವಾಸದಿಂದ ಕರೆದುಕೊಂಡು ಹೋಗಿ ವಿದ್ಯುತ್ ಮೀಟರ್ ತೋರಿಸಿದರು. ಇನ್ನೊಬ್ಬರು "ಇಂಟೀರಿಯರ್‌ನೋರನ್ನ ಕೇಳ್ಬೇಕು" ಎಂದರು. ಮೂರನೆಯವರಿಗಂತೂ ನನ್ನ ಪ್ರಶ್ನೆಯಿಂದ ಬೇಜಾರೇ ಆಯಿತು. "ನಮ್ಮನೇಲಿ ಅಂಥದ್ದೆಲ್ಲ ಕಾಣಲ್ಲ ಕಣ್ರೀ. ಎಲ್ಲಾ ಕನ್ಸೀಲ್ಡ್!"

ಕನ್ಸೀಲ್ಡ್. ಸ್ವಂತ ಮನೆಯ ಮರ್ಯಾದೆಯೆಲ್ಲ ಈಗ ಈ ಒಂದು ಪದದ ಮೇಲೆ ನಿಂತಿದೆ. ಪೈಪ್ ಕಂಡರೆ ಅವಮಾನ. ಬಂದ ನೆಂಟರಿಗೆ ನಮ್ಮ ಮನೆಗೂ ನೀರು ಪೈಪಿನಲ್ಲೇ ಬರುತ್ತದೆ ಎಂದು ಗೊತ್ತಾಗಿಬಿಟ್ಟರೆ ಮುಖ ಎಲ್ಲಿಡುವುದು? ಹಾಗಾಗಿ ಪೈಪು ಗೋಡೆಯೊಳಗೆ, ಫ್ಲಷ್ ಟ್ಯಾಂಕು ಗೋಡೆಯೊಳಗೆ, ಗೀಸರ್ ಫಾಲ್ಸ್ ಸೀಲಿಂಗಿನ ಮೇಲೆ, ಮಳೆನೀರಿನ ಕೊಳವೆ ಕಂಬದ ಹೊಟ್ಟೆಯಲ್ಲಿ. ಇಷ್ಟೆಲ್ಲ ಮುಚ್ಚಿಟ್ಟ ಮೇಲೂ ರಾಜಾರೋಷವಾಗಿ ಹೊರಗೆ ಬಂದು ನಿಲ್ಲುವುದು ಸೋರಿಕೆಯೊಂದೇ.

ಋತು ಬದಲಾದಾಗಲೆಲ್ಲ ಮನೆಯ ಕೊಳಾಯಿ ವ್ಯವಸ್ಥೆಯನ್ನು ಒಮ್ಮೆ ಪರೀಕ್ಷಿಸಿ ಎಂದು ತಿಳಿದವರು ಹೇಳುತ್ತಲೇ ಇರುತ್ತಾರೆ. ಒಳ್ಳೆಯ ಮಾತು. ಮೇನ್ ವಾಲ್ವನ್ನು ವರ್ಷಕ್ಕೆ ಒಂದೆರಡು ಸಲವಾದರೂ ಪೂರ್ತಿ ಮುಚ್ಚಿ ತೆರೆಯಬೇಕಂತೆ, ಇಲ್ಲದಿದ್ದರೆ ಒಳಗೆ ಸುಣ್ಣದಂಥ ಗಸಿ ಕಟ್ಟಿ ಹಿಡಿದುಕೊಳ್ಳುತ್ತದೆ. ಸರಿ ಸ್ವಾಮಿ, ತಿರುಗಿಸೋಣ. ಅದಕ್ಕೆ ಮೊದಲು ಋತುವಿಗೊಂದು ಗೋಡೆ ಒಡೆಯಬೇಕು. ಒಡೆದ ಟೈಲ್ಸಿಗೆ ಜೋಡಿ ಹುಡುಕಿದರೆ ಆ ಡಿಸೈನು ನಿಂತು ಎಷ್ಟೋ ವರ್ಷವಾಗಿರುತ್ತದೆ. ಕೊನೆಗೆ ಇಡೀ ಬಚ್ಚಲುಮನೆಯೇ ಹೊಸದಾಗುತ್ತದೆ, ಒಂದು ವಾಲ್ವಿಗೆ ವ್ಯಾಯಾಮ ಮಾಡಿಸಲು ಹೋಗಿ.

ಕ್ರಿ.ಶ. 97ರಲ್ಲಿ ರೋಮ್ ನಗರದ ನೀರು ಸರಬರಾಜಿನ ಉಸ್ತುವಾರಿ ವಹಿಸಿಕೊಂಡ ಫ್ರಾಂಟಿನಸ್ ಎಂಬ ಅಧಿಕಾರಿ ಮಾಡಿದ ಕೆಲಸಗಳಲ್ಲೊಂದು, ನೀರು ತರುವ ಕಾಲುವೆಗಳ ನಕ್ಷೆ ಬರೆಸಿದ್ದು. ಎಲ್ಲಿ ಕಣಿವೆ, ಎಲ್ಲಿ ಹೊಳೆ, ಎಲ್ಲಿ ರಿಪೇರಿ ಹೆಚ್ಚು ಬೇಕು ಎಂಬುದು ಎದುರಿಗಿದ್ದು ನೋಡಿದಂತೆ ಗೊತ್ತಾಗಲಿ ಎಂದು. ನೆಲದಡಿ ಕಳ್ಳ ಪೈಪು ಕೂರಿಸಿ ನೀರು ಮಾರುತ್ತಿದ್ದವರನ್ನೂ ಆತ ಹಿಡಿದ. ಇದೆಲ್ಲ ಆಗಿ ಸಾವಿರದ ಒಂಬೈನೂರು ವರ್ಷ ದಾಟಿದೆ. ನಮ್ಮ ಆರಡಿ ಅಗಲದ ಬಚ್ಚಲುಮನೆಯ ಗೋಡೆಗೊಂದು ನಕ್ಷೆ ಇಲ್ಲ. ಪ್ಲಾಸ್ಟರ್ ಮೆತ್ತುವ ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದಿಟ್ಟಿದ್ದರೆ ಸಾಕಿತ್ತು. ಆ ದಿನಗಳ ಫೋಟೊಗಳೇನೋ ನನ್ನಲ್ಲಿ ಬೇಕಾದಷ್ಟಿವೆ. ಎಲ್ಲದರಲ್ಲೂ ನಾನಿದ್ದೇನೆ, ಪೈಪಿಗೆ ಅಡ್ಡ ನಿಂತು.

ಮಳೆಗಾಲ ಬಂತೆನ್ನಿ. ಸೂರಿನ ದೋಣಿಯಲ್ಲಿ ಎಲೆಕಸ ತುಂಬಿಕೊಂಡು ನೀರು ಗೋಡೆ ಹಿಡಿಯುತ್ತದೆ, ಒಳಗೆ ತೇವದ ಕಲೆ ಮೂಡುತ್ತದೆ. ಮೇಲೆ ಹತ್ತಿ ಎರಡು ಹಿಡಿ ಎಲೆ ತೆಗೆಯುವುದನ್ನು ಬಿಟ್ಟು ಕಲೆಯ ಮೇಲೆ ಬಣ್ಣ ಬಳಿಸುತ್ತೇವೆ. ಮುಂದಿನ ಮಳೆಗೆ ಕಲೆ ಒಂದು ಮೊಳ ಆಚೆ ಪ್ರತ್ಯಕ್ಷ. ಅದಕ್ಕೂ ಬಣ್ಣ. ಆಮೇಲೆ ಅಲ್ಲೊಂದು ಕಪಾಟು.

ಹಿಮ ಬೀಳುವ ಊರುಗಳ ಕಷ್ಟ ಇನ್ನೂ ಘನವಾದದ್ದು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡಕ್ಕೆ ಪೈಪು ಸೀಳುತ್ತದೆ. ಕೊರೆಯುವ ರಾತ್ರಿ ನಲ್ಲಿಯನ್ನು ಸಣ್ಣಗೆ ಬಿಟ್ಟಿರಿ, ಸಿಂಕಿನ ಕೆಳಗಿನ ಬಾಗಿಲು ತೆರೆದು ಮನೆಯ ಬಿಸಿಗಾಳಿ ಪೈಪಿಗೆ ತಾಕಲು ಬಿಡಿ ಎನ್ನುತ್ತಾರೆ. ಬಾಗಿಲು ತೆರೆದಿಡುವುದೇ? ಒಳಗೆ ಪೈಪ್ ಕಾಣುತ್ತದಲ್ಲ!

ಗೀಸರಿನ ಹೊಟ್ಟೆಯಲ್ಲೊಂದು ಮೆಗ್ನೀಸಿಯಂ ಸರಳು ಇರುತ್ತದೆ. ಉಕ್ಕಿನ ಟ್ಯಾಂಕು ತುಕ್ಕು ಹಿಡಿಯದಿರಲಿ ಎಂದು ಅದು ತಾನೇ ಮೊದಲು ಕರಗಿ ಪ್ರಾಣ ಬಿಡುತ್ತದೆ. ವರ್ಷಕ್ಕೋ ಎರಡು ವರ್ಷಕ್ಕೋ ಬಿಚ್ಚಿ ನೋಡಿ, ತೀರಿಕೊಂಡಿದ್ದರೆ ಬದಲಿಸಬೇಕು. ನಮ್ಮದನ್ನು ಬಿಚ್ಚಲು ಸ್ಪ್ಯಾನರ್ ಹಿಡಿದ ಕೈ ತೂರುವಷ್ಟೂ ಜಾಗವಿಲ್ಲ, ಸುತ್ತ ಜಿಪ್ಸಂ ಬೋರ್ಡು, ಬೋರ್ಡಿನ ತುಂಬ ಪುಟ್ಟ ಪುಟ್ಟ ದೀಪಗಳು. ಆ ಸರಳು ಹುತಾತ್ಮವಾದ ಸುದ್ದಿ ಹೊರಗೆ ಬರುವುದು ಟ್ಯಾಂಕು ತೂತಾದ ಮೇಲೆಯೇ.

ಇನ್ನು ನೆಂಟರ ಬಚ್ಚಲುಮನೆ. ಅಷ್ಟು ಚೊಕ್ಕಟವಾಗಿಟ್ಟ ಕೋಣೆ ಮನೆಯಲ್ಲಿ ಬೇರೊಂದಿಲ್ಲ, ಅಷ್ಟು ನಾರುವ ಕೋಣೆಯೂ ಇನ್ನೊಂದಿಲ್ಲ. ಕಾರಣ ಸರಳ. 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಕರ್ಮಿ ಕಮೋಡಿನ ಕೊಳವೆಯನ್ನು ಎಸ್ ಆಕಾರದಲ್ಲಿ ಬಗ್ಗಿಸಿ ಪೇಟೆಂಟ್ ಪಡೆದ. ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ, ಚರಂಡಿಯ ಗಾಳಿಗೆ ಅದೇ ಬಾಗಿಲು. ಇವತ್ತಿನ ಸಿಂಕು, ನೆಲದ ಟ್ರ್ಯಾಪು ನಡೆಯುವುದೂ ಅದೇ ಉಪಾಯದ ಮೇಲೆ. ಬೇಸಿಗೆಯಲ್ಲಿ ಯಾರೂ ಬಳಸದೆ ಆ ನೀರು ಆರಿಹೋದರೆ ಬಾಗಿಲು ತೆರೆದಂತೆಯೇ. ತಿಂಗಳಿಗೊಮ್ಮೆ ಅರ್ಧ ಬಕೆಟ್ ನೀರು ಸುರಿದರೆ ಮುಗಿಯಿತು. ನಾವು ಮಲ್ಲಿಗೆ ಪರಿಮಳದ ಸ್ಪ್ರೇ ತರುತ್ತೇವೆ. ಆಮೇಲೆ ಬರುವುದು ಚರಂಡಿ ಪ್ಲಸ್ ಮಲ್ಲಿಗೆ.

ಮನೆಯೊಳಗಿನದು ಅವರವರ ಹಣೆಬರಹ ಎನ್ನೋಣ. ಬೀದಿಯ ಕೆಳಗೂ ಇದೇ ಕತೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ಒಳಚರಂಡಿಗೆ ಅಡ್ಡಲಾಗಿ ಮಲಗಿದ್ದ ಜಿಡ್ಡು-ವೈಪ್ಸ್‌ಗಳ ಗಡ್ಡೆ 250 ಮೀಟರ್ ಉದ್ದ, 130 ಟನ್ ತೂಕವಿತ್ತು. ಗುಂಡಿ ಒತ್ತಿದ ಮೇಲೆ ಕಣ್ಣಿಂದ ಮರೆಯಾದದ್ದು ಲೋಕದಿಂದಲೇ ಮರೆಯಾಯಿತೆಂದು ಒಂದಿಡೀ ನಗರ ನಂಬಿದರೆ ಹಾಗಾಗುತ್ತದೆ.

ಗೋಡೆ ಒಡೆಯದೆ ಮಾಡಬಹುದಾದ ಪರೀಕ್ಷೆಗಳು ಇಲ್ಲವೆಂದಲ್ಲ. ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ನೋಡಿ, ಒಂದು ಗಂಟೆ ಬಿಟ್ಟು ಮತ್ತೆ ನೋಡಿ, ಅಂಕಿ ಕದಲಿದ್ದರೆ ಎಲ್ಲೋ ಸೋರುತ್ತಿದೆ. ಫ್ಲಷ್ ಟ್ಯಾಂಕಿಗೆ ನಾಲ್ಕು ಹನಿ ಬಣ್ಣ ಹಾಕಿ ಹತ್ತು ನಿಮಿಷ ಮುಟ್ಟದೆ ಬಿಟ್ಟರೆ, ಕಮೋಡಿನಲ್ಲಿ ಬಣ್ಣ ಇಳಿದಿದೆಯೋ ಇಲ್ಲವೋ ಅದೇ ಹೇಳುತ್ತದೆ. ಗೋಡೆಯೊಳಗಿನ ಟ್ಯಾಂಕಿಗೂ ದಾರಿಯಿದೆ, ಫ್ಲಷ್ ಗುಂಡಿಗಳಿರುವ ಪಟ್ಟಿಯನ್ನು ಕಳಚಿದರೆ ಅದೇ ಬಾಗಿಲು. ತಯಾರಿಸಿದವರು ಪಾಪ ಯೋಚನೆ ಮಾಡಿಯೇ ಬಿಟ್ಟಿರುತ್ತಾರೆ. ನಮ್ಮ ಕೆಲಸದವರು ಸುತ್ತ ಸಿಲಿಕಾನ್ ಮೆತ್ತಿ ಅದನ್ನೂ "ಫಿನಿಶಿಂಗ್" ಮಾಡಿಕೊಟ್ಟಿರುತ್ತಾರೆ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ 86,400 ಹನಿ ಉದುರಿಸುತ್ತದೆ. ಅದಕ್ಕೆ ಬೇಕಿರುವುದು ಉಗುರಗಲದ ಒಂದು ವಾಷರ್. ನಾವು ನೇಮಿಸುವುದು ಒಂದು ಬಕೆಟ್ಟನ್ನು. ತಾತ್ಕಾಲಿಕ ನೇಮಕಾತಿ, ಮಾರನೆಯ ದಿನದಿಂದಲೇ ಖಾಯಂ.

ಅಂದಹಾಗೆ, ವಾಲ್ವ್ ಸಿಕ್ಕಿತು. ಪ್ಲಂಬರ್ ಬಂದವನೇ ಮಹಡಿಯ ಟ್ಯಾಂಕಿನ ಬುಡದಲ್ಲಿ ನೀರು ನಿಲ್ಲಿಸಿದ. ಆಮೇಲೆ ಗೋಡೆಗಳಿಗೆ ಬೆರಳ ಗೆಣ್ಣಿನಿಂದ ಕುಟ್ಟುತ್ತಾ, ಡಾಕ್ಟರು ಎದೆ ಪರೀಕ್ಷಿಸುವಂತೆ ಮನೆಯಿಡೀ ಸುತ್ತಿ ಬಟ್ಟೆಯ ವಾರ್ಡ್‌ರೋಬಿನ ಮುಂದೆ ನಿಂತ. ನನ್ನ ಅಂಗಿಗಳನ್ನೆಲ್ಲ ಹೊರಗೆ ಹಾಕಿ ಹಿಂದಿನ ಹಲಗೆ ಕೊಯ್ದ. ಅಲ್ಲಿತ್ತು ಕೆಂಪು ಚಕ್ರ. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದ. ಚಕ್ರ ಕೈಗೇ ಬಂತು. ಅದನ್ನು ನನ್ನ ಅಂಗೈಯಲ್ಲಿಟ್ಟು, "ಇಟ್ಕೊಳ್ಳಿ ಸಾರ್, ಮನೆ ನಿಮ್ದು" ಎಂದ.

ಹೊಸದಾಗಿ ಬಾಲ್ ವಾಲ್ವ್ ಹಾಕಿಸಿ ಈ ಸಲ ಬೇರೆ ಗೋಡೆಗೆ, ಕೈಗೆ ಸಿಗುವ ಕಡೆ ತಂದಿದ್ದಾಯಿತು. ಎರಡು ದಿನ ಎಲ್ಲರೂ ಹೋಗಿ ಬಂದು ಅದನ್ನು ತಿರುಗಿಸಿ ಸಂತೋಷಪಟ್ಟೆವು. ಮೂರನೆಯ ದಿನ ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ರೀ, ಇದು ಹೀಗೇ ಕಾಣ್ತಾ ಇದ್ರೆ ಚೆನ್ನಾಗಿರುತ್ತಾ?" ಎಂದಳು. ನಿಜ ಹೇಳಬೇಕೆಂದರೆ ನನಗೂ ಅದೇ ಅನ್ನಿಸಿತ್ತು. ಒಂದು ದೊಡ್ಡ ಚಿತ್ರಪಟ ತಂದೆವು, ಜಲಪಾತದ್ದು. ನೇತುಹಾಕಲು ಬಂದ ಹುಡುಗ ಮೊಳೆಯ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಡ್ರಿಲ್ ಎತ್ತಿ ಗೋಡೆಗೆ ಇಟ್ಟವನು ಹಾಗೇ ತಡೆದು ನನ್ನ ಕಡೆ ತಿರುಗಿದ.

"ಸಾರ್, ಇಲ್ಲಿ ಒಳಗೆ ಪೈಪೇನಾದ್ರೂ ಹೋಗಿದ್ಯಾ?"