ಪೆನ್‌ರಡಕ್‌ನನ್ನು ಕುದುರೆ ಹತ್ತಿಸಿದವರು

ಇಂಗ್ಲೆಂಡಿನ ಅಂತರ್ಯುದ್ಧ ಅಂದ ತಕ್ಷಣ 1649ರಲ್ಲಿ ಚಾರ್ಲ್ಸ್ ದೊರೆಯ ತಲೆ ಹೋದದ್ದನ್ನೇ ಎಲ್ಲರೂ ಹೇಳುತ್ತಾರೆ. ನನ್ನನ್ನು ಜಾಸ್ತಿ ಕಾಡುವವನು ಜಾನ್ ಪೆನ್‌ರಡಕ್. ವಿಲ್ಟ್‌ಶೈರಿನ ಕಾಂಪ್ಟನ್ ಚೇಂಬರ್ಲೇನ್ ಊರಿನ ಜಮೀನುದಾರ, ಹುಟ್ಟಿದ್ದು 1619ರಲ್ಲಿ. ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಆ ಯುದ್ಧದಲ್ಲಿ ರಾಜನ ಕಡೆ ಇದ್ದ. ರಾಜ ಸೋತ ಮೇಲೆ ತನ್ನದೇ ಜಮೀನು ಉಳಿಸಿಕೊಳ್ಳೋಕೆ ಗೆದ್ದವರಿಗೆ ದಂಡ ಕಟ್ಟಿದ. ಆಮೇಲೆ ಸುಮ್ನೆ ಇದ್ದಿದ್ದರೆ ಸಂಸಾರ ಹೇಗೋ ನಡೀತಿತ್ತು.

ಸುಮ್ನೆ ಇರೋಕೆ ಬಿಡಬೇಕಲ್ಲ! ಈಗ ದೇಶ ಆಳುತ್ತಿದ್ದವನು ಪಾರ್ಲಿಮೆಂಟಿನ ಕಡೆಯ ಸೇನಾನಾಯಕ ಕ್ರಾಮ್‌ವೆಲ್. ಸತ್ತ ದೊರೆಯ ಮಗ ದೇಶದ ಹೊರಗಿದ್ದ. ಅವನನ್ನು ದೊರೆ ಮಾಡೋಕೆ 1655ರ ಮಾರ್ಚ್‌ನಲ್ಲಿ ಊರೂರಲ್ಲೂ ಒಟ್ಟಿಗೆ ದಂಗೆ ಏಳಬೇಕು ಅಂತ ಸಂಚು ನಡೆಯಿತು. ರಾಜನ ಪರವಾಗಿದ್ದ 'ಸೀಲ್ಡ್ ನಾಟ್' ಎಂಬ ಗುಪ್ತ ಗುಂಪೇ ಇದು ಕಾಲ ಅಲ್ಲ ಅಂದಿತ್ತು. ಕೇಳುವವರು ಯಾರು? ಆ ಮಗನ ಕಡೆಯವರಾದ ರೋಚೆಸ್ಟರ್ ಅರ್ಲ್, ಸರ್ ಜೋಸೆಫ್ ವಾಗ್‌ಸ್ಟಾಫ್ ಇಬ್ಬರೂ ಸಮುದ್ರ ದಾಟಿ ಬಂದರು. ಯಾರ್ಕ್‌ಶೈರಿನ ಮಾರ್ಸ್ಟನ್ ಮೂರ್‌ನಲ್ಲಿ ಸೇರಿದ ಸ್ವಲ್ಪ ಜನ ಹೆದರಿ ಚದುರಿಹೋದರು. ಬೇರೆ ಕಡೆಯೂ ಅದೇ ಕಥೆ. ನಿಜವಾಗಿ ಹೊರಟವರು ಪೆನ್‌ರಡಕ್‌ನ ಕಡೆಯವರು ಮಾತ್ರ.

ಮಾರ್ಚ್ 12, ಇನ್ನೂ ಬೆಳಕು ಹರಿದಿರಲಿಲ್ಲ. ಸುಮಾರು 200 ಕುದುರೆ ಸವಾರರು ವಿಲ್ಟ್‌ಶೈರಿನ ಸಾಲ್ಸ್‌ಬರಿ ಪಟ್ಟಣಕ್ಕೆ ನುಗ್ಗಿದರು. ಜೈಲಿನ ಬಾಗಿಲು ತೆಗೆದರು. ವಿಚಾರಣೆಗೆ ಬಂದಿದ್ದ ನ್ಯಾಯಾಧೀಶರನ್ನು ಹಾಸಿಗೆಯಿಂದಲೇ ಎಬ್ಬಿಸಿ ಹಿಡಿದರು. ಇವರನ್ನು ನೇಣಿಗೆ ಹಾಕೋಣ ಅಂದ ವಾಗ್‌ಸ್ಟಾಫ್. ಪೆನ್‌ರಡಕ್ ಬೇಡವೇ ಬೇಡ ಅಂದ. ಇಂಥ ಮನಸ್ಸಿನವನಿಗೆ ದಂಗೆ ಯಾಕೆ ಬೇಕಿತ್ತು ಹೇಳಿ.

ಊರಿನವರು ಇವರ ಜೊತೆ ಸೇರಲಿಲ್ಲ. ಇದರಲ್ಲಿ ನನಗೇನೂ ಆಶ್ಚರ್ಯ ಇಲ್ಲ. ಹತ್ತು ವರ್ಷ ಹಿಂದೆ, 1645ರಲ್ಲಿ, ಇದೇ ಸೀಮೆಯ ರೈತರು ದೊಣ್ಣೆ ಹಿಡಿದು ನಿಂತಿದ್ದರು. ರಾಜನ ಸೈನ್ಯವೋ ಪಾರ್ಲಿಮೆಂಟಿನ ಸೈನ್ಯವೋ, ನಮ್ಮ ದನಕರು ಮುಟ್ಟಿದರೆ ಬಿಡಲ್ಲ ಅಂತ. ಅಂಥವರು ಮತ್ತೆ ಯಾರಿಗೋಸ್ಕರ ಸಾಯೋಕೆ ಹೋಗ್ತಾರೆ?

ದಂಗೆಯವರು ಪಶ್ಚಿಮಕ್ಕೆ ಹೋದರು. ಡೆವನ್‌ನ ಸೌತ್ ಮೋಲ್ಟನ್‌ನಲ್ಲಿ, ಎರಡೇ ದಿನದಲ್ಲಿ, ಕ್ರಾಮ್‌ವೆಲ್ ಕಡೆಯ ಕ್ಯಾಪ್ಟನ್ ಅಂಟನ್ ಕ್ರೋಕ್‌ನ ಒಂದು ಸಣ್ಣ ಸವಾರ ಪಡೆ ಆಟ ಮುಗಿಸಿತು. ಜೀವ ಉಳಿಸುತ್ತೇನೆ ಅಂತ ಮಾತು ಕೊಟ್ಟಿದ್ದಕ್ಕೇ ಶರಣಾದೆ ಅಂದ ಪೆನ್‌ರಡಕ್. ನಾನು ಅಂಥ ಮಾತು ಕೊಟ್ಟೇ ಇಲ್ಲ ಅಂದ ಕ್ರೋಕ್. ಎಕ್ಸೆಟರ್ ಕೋರ್ಟಿನಲ್ಲಿ ಪೆನ್‌ರಡಕ್ ಎತ್ತಿದ ಇನ್ನೊಂದು ಪ್ರಶ್ನೆ ನನಗೆ ತುಂಬಾ ಇಷ್ಟ. ಕಾನೂನಿನಲ್ಲಿ ರಾಜದ್ರೋಹ ಅಂದರೆ ರಾಜನ ವಿರುದ್ಧ ಮಾಡಿದ ದ್ರೋಹ. ಕ್ರಾಮ್‌ವೆಲ್ ರಾಜನೇ ಅಲ್ಲವಲ್ಲ! ಒಳ್ಳೆಯ ವಾದವೇ. ಆದರೆ ಗೆದ್ದವರ ಕೋರ್ಟಿನಲ್ಲಿ ನಡೆಯೋ ವಾದ ಅಲ್ಲ. ಮೇ 16ಕ್ಕೆ ತಲೆ ಕಡಿದರು. ಅವನ ಹಿಂದೆ ಹೋದ ಹಲವರನ್ನು ಹಡಗು ಹತ್ತಿಸಿ ಬಾರ್ಬಡೋಸ್‌ನ ಕಬ್ಬಿನ ತೋಟಗಳಿಗೆ ಕೂಲಿಗೆ ಮಾರಿದರು.

ವಾಗ್‌ಸ್ಟಾಫ್ ತಪ್ಪಿಸಿಕೊಂಡ. ರೋಚೆಸ್ಟರ್ ಕೂಡ ಪಾರಾದ. ಹೊರಗಿಂದ ಬಂದು ಕಿಡಿ ಹಚ್ಚಿದವರಿಗೆ ವಾಪಸ್ ಹೋಗೋಕೆ ದಾರಿ ಇತ್ತು. ಜಮೀನು, ಮನೆ, ಮಕ್ಕಳು ಇದ್ದವನು ಎಲ್ಲಿಗೆ ಓಡಬೇಕು? ಪೆನ್‌ರಡಕ್ ಹುತಾತ್ಮ ಅಂತ ಹೊಗಳುವವರಿಗೂ, ಪೆದ್ದ ಅಂತ ನಗುವವರಿಗೂ ಈ ಪ್ರಶ್ನೆ ಕೇಳಬೇಕು ಅನಿಸುತ್ತೆ.

ಅಲ್ಲಿಗೂ ಮುಗಿಯಲಿಲ್ಲ. ದಂಗೆಯ ನೆಪದಲ್ಲಿ ಕ್ರಾಮ್‌ವೆಲ್ ಇಡೀ ದೇಶವನ್ನು ಮೇಜರ್ ಜನರಲ್‌ಗಳೆಂಬ ಸೇನಾಧಿಕಾರಿಗಳ ಕೈಗೆ ಕೊಟ್ಟ. ಅವರ ಖರ್ಚಿಗೆ ಹಳೆಯ ರಾಜಪಕ್ಷದ ಜಮೀನುದಾರರ ಮೇಲೆ ಹತ್ತರಲ್ಲಿ ಒಂದು ಪಾಲು ತೆರಿಗೆ ಬಿತ್ತು. ಕುದುರೆ ಹತ್ತದೆ ಮನೆಯಲ್ಲೇ ಕೂತಿದ್ದವರೂ ಕಟ್ಟಬೇಕಾಯಿತು.