ಕಿವಿಯಾಗ ಹೇಳಿದ ಸಿನಿಮಾ

ಹೋದ ತಿಂಗಳು ಬೆಂಗಳೂರಾಗ ಒಂದು ಕ್ವಿಯರ್ ಫಿಲ್ಮ್ ಫೆಸ್ಟಿವಲ್‌ಗೆ, ಅಂದ್ರ ಹೆಣ್ಣು ಹೆಣ್ಣನ್ನ, ಗಂಡು ಗಂಡನ್ನ ಪ್ರೀತಿಸೋ ನಮ್ಮಂಥವರ ಸಿನಿಮಾ ಹಬ್ಬಕ್ಕ ಹೋಗಿದ್ವಿ, ನಾನು ಮತ್ತ ಅಕಿ. ಅಕಿ ಹೆಸರು ಬರಿಯಂಗಿಲ್ಲ, ಈ ಅಕೌಂಟಿನ ಹೆಸರೂ ನಂದಲ್ಲ ಅನ್ನೋದು ಹಳೇ ಫ್ರೆಂಡ್ಸಿಗೆ ಗೊತ್ತೇ ಐತಿ. ಮನ್ಯಾಗ ಸ್ಯಾಂಪಲ್ ತೋರ್ಸಾಕ ಹೊಂಟೀವಿ ಅಂತ ಹೇಳಿದ್ವಿ. ಬಳ್ಳಾರಿಯಾಗ ಜೀನ್ಸ್ ಹೊಲಿಯೋ ಯೂನಿಟ್ಟಿನಾಗ ಇರೋರಿಗೆ ಇದೊಂದು ಅನುಕೂಲ, ಸ್ಯಾಂಪಲ್ ಅಂದ್ರ ಯಾರೂ ಎರಡನೇ ಮಾತು ಕೇಳಲ್ಲ. ನಾನು ಅಲ್ಲಿ ಲೆಕ್ಕ ನೋಡಾಕಿ, ಅಕಿ ಮಷೀನ್ ಮ್ಯಾಲ, ಝಿಪ್ ಹಚ್ಚೋದು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಮೆಜೆಸ್ಟಿಕ್‌ನಾಗ ಇಳಿದು, ಅಲ್ಲೇ ಮುಖ ತೊಳ್ಕೊಂಡು ಹೋದದ್ದು.

ಸಿನಿಮಾ ‘ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್’. 2019ರ ಫ್ರೆಂಚ್ ಸಿನಿಮಾ, ಸೆಲಿನ್ ಸಿಯಾಮಾ ಅಂತ ಹೆಣ್ಮಗಳು ಮಾಡಿದ್ದು, ಕಾನ್ ಫೆಸ್ಟಿವಲ್‌ನಾಗ ಚಿತ್ರಕಥೆಗೆ ಪ್ರಶಸ್ತಿ ಬಂದೈತಿ. ನಾನು ಮೊದಲೇ ಒಮ್ಮೆ ಮೊಬೈಲ್‌ನಾಗ ನೋಡಿದ್ದೆ, ಇಯರ್‌ಫೋನ್ ಹಾಕ್ಕೊಂಡು, ಚಾದರ ಹೊದ್ಕೊಂಡು, ಯಾರರ ಬಂದ್ರ ಅಂತ ಒಂದು ಬೆರಳು ಬಟನ್ ಮ್ಯಾಲ ಇಟ್ಕೊಂಡು. ಅದನ್ನೇ ದೊಡ್ಡ ಪರದೆ ಮ್ಯಾಲ ಅಷ್ಟು ಮಂದಿ ನಡುವ ಕುಂತು ನೋಡಿದ್ರ ಹೊಟ್ಟ್ಯಾಗ ಒಂಥರಾ ಆಗತೈತಿ, ಅದನ್ನ ಬಿಡ್ರಿ.

ವಿಷಯ ಏನಂದ್ರ ಮಾತು ಫ್ರೆಂಚು, ಕೆಳಗ ಸಬ್‌ಟೈಟಲ್ ಇಂಗ್ಲಿಷು, ಅಕಿಗೆ ಎರಡೂ ಬರಲ್ಲ. ಎರಡು ತಾಸು ನಾನು ಅಕಿ ಕಿವಿಯಾಗ ಕನ್ನಡ ಹೇಳಿದೆ. ಮುಂದಿನ ಸಾಲಿನಾಕಿ ಎರಡು ಸಲ ತಿರುಗಿ ನೋಡಿದ್ಲು, ಮೂರನೇ ಸಲ ನೋಡಲಿಲ್ಲ, ಪುಣ್ಯಾತಗಿತ್ತಿ.

ಕಥಿ ಹಿಂಗೈತಿ. ಹದಿನೆಂಟನೇ ಶತಮಾನ, ಸಮುದ್ರದ ದಂಡಿ. ಮಗಳ ಚಿತ್ರ ಬರೆಸಿ ಮಿಲಾನ್‌ನಾಗಿರೋ ಗಂಡಿಗೆ ಕಳಿಸ್ಬೇಕು, ಅವನಿಗೆ ಹಿಡಿಸಿದ್ರ ಮದುವಿ. ಮಗಳು ಚಿತ್ರಕ್ಕ ಕುಂದ್ರಾಕ ಒಲ್ಲೆ ಅಂತಾಳ. ಹಂಗಾಗಿ ತಾಯಿ ಒಬ್ಬಾಕಿ ಚಿತ್ರ ಬರಿಯಾಕಿನ್ನ, ತಿರುಗಾಡಾಕ ಜೊತಿ ಬಂದಾಕಿ ಅಂತ ಸುಳ್ಳು ಹೇಳಿ ಕರೆಸ್ತಾಳ, ಅಕಿ ಹಗಲು ಕದ್ದು ನೋಡೋದು ಆಮ್ಯಾಲ ಕದ್ದು ಬರಿಯೋದು. ಇಷ್ಟು ಹೇಳೋದ್ರಾಗ ಇಕಿ ನನ್ನ ಕೈ ಹಿಡಿದು ‘ಇದು ಸ್ಟುಡಿಯೋ ಫೋಟೋ ಕಥಿ ಅಲ್ಲಾ’ ಅಂದ್ಲು. ಇಕಿನ್ನ ಮೂರು ಸಲ ಸ್ಟುಡಿಯೋಕ್ಕ ಕರ್ಕೊಂಡು ಹೋಗ್ಯಾರ, ಗಂಡಿನ ಕಡೆಯವರಿಗೆ ಕಳಿಸಾಕ. ಮೂರನೇ ಸಲ ಪ್ರತಿ ಫೋಟೋಕ್ಕೂ ಸರಿಯಾಗಿ ಕ್ಲಿಕ್ ಅನ್ನೋ ಹೊತ್ತಿಗೆ ಕಣ್ಣು ಮುಚ್ಯಾಳ, ಸ್ಟುಡಿಯೋದಾವ ಅವರಪ್ಪಗ ‘ಫೋಟೋಶಾಪ್‌ನಾಗೂ ಆಗಲ್ರೀ’ ಅಂದನಂತ. ಇನ್ನೂರೈವತ್ತು ವರ್ಷದ ಹಿಂದಿನ ಫ್ರಾನ್ಸು ಅಕಿಗೆ ಒಂದು ನಿಮಿಷದಾಗ ತಿಳಿದುಬಿಡ್ತು, ನಾನೇ ಇಂಗ್ಲಿಷ್ ಓದ್ಕೋತ ಹಿಂದ ಉಳಿದೆ.

ನೋಡ್ಕೋತ ನೋಡ್ಕೋತ ಚಿತ್ರ ಬರಿಯಾಕಿಗೂ ಆ ಮಗಳಿಗೂ ಪ್ರೀತಿ ಆಗತೈತಿ. ಒಂದು ಕಡೆ ಅವರಿಬ್ಬರೂ ಒಬ್ಬರಿಗೊಬ್ಬರು ಹೇಳ್ತಾರ, ನಾಚಿಕಿ ಆದಾಗ ನೀ ಹಿಂಗ ತುಟಿ ಕಚ್ಚತಿ, ಸಿಟ್ಟು ಬಂದ್ರ ಕಣ್ಣು ಮಿಟುಕಿಸಲ್ಲ, ಅಂತೆಲ್ಲ. ಇದನ್ನ ಹೇಳೋವಾಗ ನನ್ನ ದನಿ ಸಣ್ಣದಾತು. ಮನಿಗೆ ಬಂದು ಓದಿದ ಮ್ಯಾಲ ಗೊತ್ತಾದದ್ದು, ಫ್ರೆಂಚಿನಾಗೂ ನಮ್ಮಂಗ ನೀವು ಬ್ಯಾರೆ ನೀನು ಬ್ಯಾರೆ ಐತಿ, ಮತ್ತ ಆ ಇಬ್ಬರು ಸಿನಿಮಾ ಪೂರ್ತಿ ನೀವು ಅಂತಲೇ ಮಾತಾಡ್ತಾರ, ಅಷ್ಟು ಹತ್ತಿರ ಬಂದ ಮ್ಯಾಲೂ. ಕೊನಿಗೆ ಚಿತ್ರ ಬರಿಯಾಕಿ ಬಿಟ್ಟು ಹೋಗೋ ಹೊತ್ತಿನಾಗ ಬಾಗಿಲ ಹತ್ತಿರ ಆ ಮಗಳು ‘ತಿರುಗು’ ಅಂತಾಳಲ್ಲ, ಅದೊಂದೇ ಏಕವಚನ. ‘ತಿರುಗ್ರಿ’ ಅಲ್ಲ, ‘ತಿರುಗು’. ಇಂಗ್ಲಿಷ್‌ನಾಗ ಎಲ್ಲಾದಕ್ಕೂ ಒಂದೇ ಯೂ, ಅಷ್ಟು ದೊಡ್ಡ ಮಾತು ಅದರಾಗ ಮುಳುಗಿಹೋತು. ನಾನೂ ಅದನ್ನ ನಂಬಿ ಮೊದಲಿಂದ ನೀ ನೀ ಅಂತ ಹೇಳಿ ಕೆಡಿಸಿದ್ದೆ. ಕನ್ನಡದಾಗ ಸಬ್‌ಟೈಟಲ್ ಇದ್ದಿದ್ರ ‘ರಿ’ ಒಂದನ್ನ ತೆಗೆದ್ರ ಸಾಕಿತ್ತು, ಬಳ್ಳಾರಿ ಬಸ್‌ಸ್ಟ್ಯಾಂಡಿನಾಗ ಕುಂತ ಮುದುಕಿಗೂ ಎದಿ ಧಸಕ್ ಅಂತಿತ್ತು.

ಸಿನಿಮಾ ಮುಗಿದ ಮ್ಯಾಲ ಚರ್ಚೆ ಇಟ್ಟಿದ್ರು, ಅದೂ ಇಂಗ್ಲಿಷೇ. ಗೇಜ್ ಗೇಜ್ ಅಂತ ಬಾಳ ಮಾತಾಡಿದ್ರು, ಇಂಗ್ಲಿಷ್‌ನಾಗ ನೋಟ ಅಂತ ಅದರ ಅರ್ಥ, ಅವರು ಹೇಳಿದ್ದು ಹೆಣ್ಣಿನ ನೋಟದ ಬಗ್ಗೆ. ಇಕಿ ನನ್ನ ತಿವಿದು ‘ಇವರೂ ಡಬಲ್ ನೀಡಲ್ ಮಷೀನ್ ಹೊಡಿತಾರೇನು’ ಅಂದ್ಲು. ನಮ್ಮಲ್ಲಿ ಗೇಜ್ ಅಂದ್ರ ಆ ಮಷೀನಿನಾಗ ಎರಡು ಸೂಜಿ ನಡುವಿನ ಅಂತರ. ನಂಗ ನಗು ತಡಿಯಾಕ ಆಗದ ಹೊರಗ ಎದ್ದು ಬಂದೆ, ಚಾ ಕುಡಿತಾ ನಿಂತಾಗ ಅನಿಸ್ತು, ಅಕಿ ಹೇಳಿದ ಅರ್ಥನೇ ಸಿನಿಮಾಕ್ಕ ಚಲೋ ಹೊಂದತೈತಿ.

ಅಲ್ಲೇ ಅಕಿ ಕೇಳಿದ್ಲು, ನಮ್ಮಂಥವರಿಗೆ ಕನ್ನಡದಾಗ ಏನಂತಾರ ಅಂತ. ಪೇಪರಿನಾಗ ಸಲಿಂಗಕಾಮಿ ಅಂತ ಬರೀತಾರ ಅಂದೆ. ‘ಲಿಂಗ ಅಂದ್ರ ನಮ್ಮವ್ವ ಕೊರಳಾಗಿಂದ ತಿಳ್ಕೋತಾಳ, ಕಾಮ ಅಂದ್ರ ಓಡಿಸ್ತಾಳ’ ಅಂದ್ಲು. ನಿಜ ನೋಡ್ರಿ, ನಾವಿಬ್ಬರು ವಾರಕ್ಕೊಮ್ಮೆ ಮಿರ್ಚಿ ಒಗ್ಗರಣೆ ತಿನ್ನೋದಕ್ಕ ಅಷ್ಟು ದೊಡ್ಡ ಶಬ್ದ ಯಾಕ. ನಮ್ಮ ಕಡೆ ಹೆಸರಿಲ್ಲ ಅಂತಲ್ಲ. ಹುಲಿಗೆಮ್ಮನ ಜಾತ್ರ್ಯಾಗ, ಗಂಡಾಗಿ ಹುಟ್ಟಿ ಸೀರಿ ಉಟ್ಟು ದೇವಿ ಸೇವಾ ಮಾಡೋ ಜೋಗಪ್ಪಗೋಳಿಗೆ ಮಂದಿ ಕೈ ಮುಗಿತಾರ, ಮಂಜಮ್ಮ ಜೋಗತಿ 2021ರಾಗ ಪದ್ಮಶ್ರೀ ತಗೊಳ್ಳೋವಾಗ ಸೆರಗಿನಿಂದ ರಾಷ್ಟ್ರಪತಿಗೆ ದೃಷ್ಟಿ ತೆಗೆದದ್ದನ್ನ ನಮ್ಮ ಯೂನಿಟ್ಟಿನಾಗ ಎಲ್ಲರೂ ಸ್ಟೇಟಸ್ ಇಟ್ಟಿದ್ರು. ಎರಡು ಹೆಣ್ಮಕ್ಕಳು ಕೂಡಿದ್ರ ಮಾತ್ರ ಗೆಳತೇರು, ಇಲ್ಲಾ ಅಕ್ಕ ತಂಗಿ. ಹೆಸರಿಲ್ಲದ್ದಕ್ಕ ಬೈಗಳನೂ ಇಲ್ಲ, ಒಂದೇ ರೂಮಿನಾಗ ಮಲಗಿದ್ರ ಯಾರೂ ಕೇಳಲ್ಲ, ಖರೆ. ಆದ್ರ ನಾಳೆ ಅಕಿ ಆಸ್ಪತ್ರ್ಯಾಗ ಬಿದ್ರ ನಾನ್ಯಾರು ಅಂತ ಫಾರಂನಾಗ ಏನು ಬರೀಲಿ? 2018ರಾಗ ಸುಪ್ರೀಂ ಕೋರ್ಟು ಇದು ಅಪರಾಧ ಅಲ್ಲ ಅಂತು, 2023ರಾಗ ಮದುವಿ ಹಕ್ಕು ಕೊಡಾಕ ನಮ್ಮಿಂದ ಆಗಲ್ಲ ಅಂತು. ಫಾರಂನಾಗ ಆ ಜಾಗ ಇನ್ನೂ ಖಾಲಿ ಐತಿ.

ಕನ್ನಡದಾಗ ಇಂಥಾ ಸಿನಿಮಾ ಯಾವಾಗ ಬರತೈತಿ ಅಂತ ಪೋಸ್ಟ್ ಹಾಕೋರಿಗೆ ನಂದೊಂದು ಮಾತು. ಬರಲಿ, ಅದಕ್ಕ ರೊಕ್ಕ ಬೇಕು, ಧೈರ್ಯನೂ ಬೇಕು. 1998ರಾಗ ಎರಡು ಹೆಣ್ಮಕ್ಕಳ ಪ್ರೀತಿ ತೋರಿಸಿದ ನಮ್ಮ ದೇಶದ ‘ಫೈರ್’ ಸಿನಿಮಾಕ್ಕ ಮುಂಬೈ ದಿಲ್ಲಿಯಾಗ ಥಿಯೇಟರ್ ಒಡೆದದ್ದು ಯಾರೂ ಮರೆತಿಲ್ಲ. ಸಬ್‌ಟೈಟಲ್‌ಗೆ ಏನು ಬೇಕ್ರೀ? ಎಸ್‌ಆರ್‌ಟಿ ಫೈಲ್ ಅಂದ್ರ ನೋಟ್‌ಪ್ಯಾಡಿನಾಗ ತೆರೆಯೋ ಟೆಕ್ಸ್ಟು, ಸಾಲಿನ ನಂಬರು, ಟೈಮು, ಮಾತು, ಅಷ್ಟೇ. ಹಬ್ಬ ಮಾಡೋರು ಇಂಗ್ಲಿಷ್ ಬಂದವರಿಗಷ್ಟೇ ಪ್ರೀತಿ ಆಗತೈತಿ ಅಂದ್ಕೊಂಡಂಗ ಐತಿ. ನಾನು ಶುರು ಮಾಡೀನಿ, ರಾತ್ರಿ ಊಟ ಆದ ಮ್ಯಾಲ ದಿನಾ ಹತ್ತು ಸಾಲು. ‘ಹೋಗುತ್ತಿದ್ದೇನೆ’ ಅಂತ ಬರೀಲಾ ‘ಹೊಂಟೀನಿ’ ಅಂತ ಬರೀಲಾ ಅಂತ ಅಲ್ಲೇ ಅರ್ಧ ತಾಸು ಹೋಗತೈತಿ.

ವಾಪಸ್ ಬರೋವಾಗ ಸೈಡ್ ಬರ್ತ್ ಸಿಕ್ಕಿತ್ತು. ಇಬ್ಬರೂ ಮಲಗಲಿಲ್ಲ, ಕಿಟಕಿ ಹತ್ತಿರ ಎದುರಾ ಎದುರಾ ಕುಂತು ಗುಂತಕಲ್ ತನಕ ಮಾತಾಡಿದ್ವಿ, ನೀ ಹಂಗ ಮಾಡ್ತಿ ನೀ ಹಿಂಗ ಮಾಡ್ತಿ ಅಂತ ನನ್ನ ಮುಖದ ಲೆಕ್ಕ ಪೂರ್ತಿ ಒಪ್ಪಿಸಿದ್ಲು. ಬಳ್ಳಾರಿ ಸ್ಟೇಷನ್‌ಗೆ ಅವರಣ್ಣ ಬೈಕ್ ತಗೊಂಡು ಬಂದಿದ್ದ. ಅಕಿ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ನನ್ನ ಕಡೆ ತಿರುಗಿ, ‘ಬರ್ತೀನ್ರೀ ಅಕ್ಕಾರ, ನೀವು ನಾಷ್ಟಾ ಮಾಡ್ಕೊಂಡು ಹೋಗ್ರಿ’ ಅಂದ್ಲು.